ಎಣ್ಣೆ ಡಬ್ಬಿ ಮನೆಯೊಳಗೆ ಬೇಡ

ಬೆಳೆಗೆ ಹುಳ ಬಿದ್ದರೆ ಯಾವ ಎಣ್ಣೆ ಹೊಡೆಯಬೇಕು, ಯಾವಾಗ ಹೊಡೆಯಬೇಕು ಎಂದು ನಾವು ರೈತರು ಕೂತಲ್ಲೆಲ್ಲಾ ಮಾತಾಡುತ್ತೇವೆ. ಹೊಡೆದು ಉಳಿದ ಡಬ್ಬಿಯನ್ನು ಎಲ್ಲಿಡಬೇಕು ಎಂಬ ಮಾತು ಮಾತ್ರ ಬರುವುದಿಲ್ಲ. ಅದನ್ನೇ ಬರೆಯೋಣ ಅನ್ನಿಸಿತು. ನಾನು ಏಳನೇ ಕ್ಲಾಸು ಓದಿದವ. ಕೂಡ್ಲಿಗಿ ಸೀಮೆಯಲ್ಲಿ ಆರು ಎಕರೆ ಕೆಂಪು ನೆಲ, ಎಲ್ಲಾ ಮಳೆ ನಂಬಿದ್ದು. ಶೇಂಗಾ, ಮೆಕ್ಕೆಜೋಳ, ಸ್ವಲ್ಪ ನವಣೆ.

ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತೀವಿ, ಔಷಧಿ ಅಂತಲೂ ಅಂತೀವಿ. ವಿಷಕ್ಕೆ ಔಷಧಿ ಎಂಬ ಹೆಸರು. ಮನಸ್ಸಿಗೆ ಕಾಯಿಲೆಯಾಗಿ ಡಾಕ್ಟರು ನಿಜವಾದ ಔಷಧಿ ಕೊಟ್ಟರೆ ಅದಕ್ಕೆ 'ಹುಚ್ಚಿನ ಗುಳಿಗೆ' ಎಂಬ ಹೆಸರು. ಈ ಎರಡು ಹೆಸರೂ ತಿರುಗುಮುರುಗಾಗಿವೆ.

ಆ ಗಳಿಗೆ ದಾಟಿದರೆ ಜೀವ ಉಳಿಯುತ್ತದೆ

ತಾಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರು ನಮ್ಮೂರ ಸಭೆಯಲ್ಲಿ ಒಂದು ಮಾತು ಹೇಳಿದರು. ಸಾಯಬೇಕು ಎಂಬ ಯೋಚನೆ ದಿನಗಟ್ಟಲೆ ಬಂದು ಹೋಗುತ್ತಿರಬಹುದು, ಆದರೆ ಕೈ ಮುಂದಾಗುವ ಗಳಿಗೆ ಬಹಳ ಸಲ ಚಿಕ್ಕದು. ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ, ಜೊತೆಗೆ ಒಬ್ಬರಿದ್ದರೆ, ಅದು ದಾಟಿಹೋಗುತ್ತದೆ. ಹಾಗೆ ದಾಟಿದವರಲ್ಲಿ ಹೆಚ್ಚಿನವರು ಮುಂದೆ ಬದುಕಿ ಬಾಳುತ್ತಾರೆ.

ಇದಕ್ಕೆ ಶ್ರೀಲಂಕಾದ ಲೆಕ್ಕ ನೋಡಿ. ಅಲ್ಲೂ ನಮ್ಮಂಥ ಸಣ್ಣ ರೈತರೇ ಹೆಚ್ಚು. ಅತಿ ಘೋರ ವಿಷದ ಕೀಟನಾಶಕಗಳನ್ನು ಅಲ್ಲಿ 1995ರಿಂದ ಒಂದೊಂದಾಗಿ ನಿಲ್ಲಿಸುತ್ತಾ ಬಂದರು. 2015ರ ಹೊತ್ತಿಗೆ ದೇಶದ ಆತ್ಮಹತ್ಯೆ ಪ್ರಮಾಣ ನೂರಕ್ಕೆ 70ರಷ್ಟು ಇಳಿದಿತ್ತು. ಇದರಿಂದ ಬೆಳೆ ಇಳುವರಿ ಕುಸಿಯಲಿಲ್ಲ. ಜನರ ಕಷ್ಟವೆಲ್ಲ ತೀರಿತ್ತೆಂದಲ್ಲ, ಕೈಗೆ ಸಿಗುವ ವಿಷದ ಜೋರು ಕಡಿಮೆಯಾಗಿತ್ತು.

ಬೀಗ ಒಂದೇ ಸಾಲದು

ಮನೆಗೊಂದು ಬೀಗದ ಪೆಟ್ಟಿಗೆ ಕೊಟ್ಟರೆ ಹೇಗೆ ಎಂದೂ ಶ್ರೀಲಂಕಾದ ಹಳ್ಳಿಗಳಲ್ಲಿ ಪರೀಕ್ಷೆ ಮಾಡಿದರು. 2017ರಲ್ಲಿ ಫಲಿತಾಂಶ ಬಂತು. ಪೆಟ್ಟಿಗೆ ಇದ್ದ ಹಳ್ಳಿಗೂ ಇಲ್ಲದ ಹಳ್ಳಿಗೂ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ಪೆಟ್ಟಿಗೆ ಮನೆಯಲ್ಲೇ ಇದ್ದರೆ ಬೀಗದ ಕೈಯೂ ಮನೆಯಲ್ಲೇ ಇರುತ್ತದಲ್ಲ!

ತಮಿಳುನಾಡಿನ ಕಡಲೂರು ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಬೇರೆ ದಾರಿ ಹಿಡಿದರು. ಊರಿಗೆಲ್ಲ ಒಂದೇ ಕೋಣೆ, ಒಬ್ಬೊಬ್ಬ ರೈತನಿಗೂ ಅದರಲ್ಲಿ ಒಂದು ಬೀಗದ ಖಾನೆ, ನೋಡಿಕೊಳ್ಳಲು ಒಬ್ಬ ಮನುಷ್ಯ. ಬೇಕಾದಾಗ ತೆಗೆದುಕೊಂಡು ಹೋಗುವುದು, ಉಳಿದದ್ದನ್ನು ತಂದಿಡುವುದು. ಪರೀಕ್ಷೆ ಸಣ್ಣದಾದರೂ ಅಲ್ಲಿ ಎಣ್ಣೆಯಿಂದಾಗುವ ಸಾವು ಕಡಿಮೆಯಾದವು. ಅಲ್ಲಿ ಡಬ್ಬಿ ಮನೆಯಿಂದ ಹೊರಗಿತ್ತು, ಮಧ್ಯೆ ಒಬ್ಬ ಮನುಷ್ಯನೂ ಇದ್ದ.

ನಾವು ಮಾಡಬಹುದಾದದ್ದು ಇಷ್ಟು. ಬೇಕಾದಷ್ಟನ್ನೇ ಕೊಳ್ಳುವುದು. ಅಗ್ಗಕ್ಕೆ ಸಿಗುತ್ತದೆಂದು ದೊಡ್ಡ ಡಬ್ಬಿ ತರಬಾರದು. ಉಳಿದದ್ದನ್ನು ನಾಲ್ಕಾರು ಮನೆಯವರು ಸೇರಿ ಊರ ಹೊರಗೆ ಒಂದೇ ಕಡೆ ಬೀಗ ಹಾಕಿ ಇಡುವುದು. ಬೀಗದ ಕೈ ಕುಡಿಯದ ಒಬ್ಬರ ಹತ್ತಿರ ಇರಲಿ. ಕುಡಿತ ಇದ್ದಲ್ಲಿ ಅಪಾಯ ಹೆಚ್ಚು.

ಎತ್ತಿಗೆ ಇಡುವ ಕಣ್ಣು ಮನುಷ್ಯನಿಗೂ ಇರಲಿ

ಎತ್ತು ಒಂದು ಹೊತ್ತು ಮೇವು ಬಿಟ್ಟರೆ ನಮಗೆ ಗೊತ್ತಾಗುತ್ತದೆ. ಕಿವಿ ಮುಟ್ಟಿ ನೋಡುತ್ತೇವೆ, ದನದ ಡಾಕ್ಟರಿಗೆ ಫೋನು ಮಾಡುತ್ತೇವೆ. ಅದೇ ಮನೆಯಲ್ಲಿ ತಮ್ಮ ಹದಿನೈದು ದಿನದಿಂದ ಸರಿಯಾಗಿ ಉಣ್ಣದಿದ್ದರೆ 'ಸೊಕ್ಕು' ಅನ್ನುತ್ತೇವೆ.

ಎರಡು ವಾರ ದಾಟಿ ಈ ಲಕ್ಷಣ ಕಂಡರೆ ಅದು ಕಾಯಿಲೆ ಇರಬಹುದು: ನಸುಕಿನ ಮೂರು ಗಂಟೆಗೆ ಎಚ್ಚರಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಹೊಲಕ್ಕೆ ಹೋಗಲು ಮನಸ್ಸಿಲ್ಲದಿರುವುದು, ಕಾರಣ ಸಿಗದ ಮೈಕೈ ನೋವು, ಜನರಿಂದ ದೂರ ಕೂರುವುದು, 'ನಾನು ಇದ್ದೂ ದಂಡ' ಎಂಬ ಮಾತು. ಇದ್ದಕ್ಕಿದ್ದಂತೆ ದನ, ಸಾಮಾನು ಇತರರಿಗೆ ಕೊಟ್ಟು ಲೆಕ್ಕ ಚುಕ್ತಾ ಮಾಡುತ್ತಿದ್ದರೆ ಇನ್ನೂ ಎಚ್ಚರ ಬೇಕು. ಹೆಣ್ಣುಮಕ್ಕಳಿಗೂ ಇದು ಬರುತ್ತದೆ. ಅವರು ಹೇಳಿಕೊಳ್ಳುವುದು ಇನ್ನೂ ಕಡಿಮೆ.

ಕೇಳಿದರೆ ಕೆಡುಕಿಲ್ಲ

ಸಾವಿನ ಮಾತು ಎತ್ತಿದರೆ ಅವನ ತಲೆಗೆ ನಾವೇ ಹುಳ ಬಿಟ್ಟಂತೆ ಎಂದು ಜನ ಹೆದರುತ್ತಾರೆ. ಅದು ಸುಳ್ಳು ಎಂದು ಡಾಕ್ಟರು ಖಚಿತವಾಗಿ ಹೇಳಿದರು. ಕೇಳಿದರೆ ಭಾರ ಇಳಿಯುತ್ತದೆ.

ನನ್ನ ದೊಡ್ಡಪ್ಪನ ಮಗನದೇ ಉದಾಹರಣೆ ಕೊಡುತ್ತೇನೆ. ಹೆಸರು ಹಾಕದೆ ಬರಿ ಎಂದು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ಎರಡು ಮುಂಗಾರು ಕೈಕೊಟ್ಟು, ಬೋರು ಬತ್ತಿ, ಸೊರಗಿ ಹೋಗಿದ್ದ. ಅವನ ಹೆಂಡತಿ ಬಂದು ಹೇಳಿದ ಮೇಲೆ ನಾನು ಹೊಲದ ಬದುವಿನ ಮೇಲೆ ಕೂರಿಸಿ ಕೇಳಿದೆ.

"ಯಾಕಪ್ಪಾ ತಮ್ಮಾ, ಇರೋದು ಬ್ಯಾಡ ಅನ್ನಿಸ್ತೈತೇನು?"

ಬಹಳ ಹೊತ್ತು ಸುಮ್ಮನಿದ್ದು ಹೇಳಿದ. "ಹೂಂ ಅಣ್ಣಾ. ರಾತ್ರಿಯೆಲ್ಲಾ ಅದೇ ಬರ್ತೈತೆ."

ಬುದ್ಧಿ ಹೇಳಲಿಲ್ಲ. 'ಹೆಂಡತಿ ಮಕ್ಕಳ ಮುಖ ನೋಡು' ಅನ್ನಲಿಲ್ಲ, ಅದು ಅವನಿಗೆ ಗೊತ್ತಿರುವುದೇ. ಅವನು ಹೇಳಿದ್ದಷ್ಟೂ ಕೇಳಿದೆ. ಮನೆಯಲ್ಲಿದ್ದ ಎಣ್ಣೆ ಡಬ್ಬಿಗಳನ್ನು ಅವತ್ತೇ ಹೊರಗೆ ಸಾಗಿಸಿದೆವು. ರಾತ್ರಿ ಅವನೊಬ್ಬನನ್ನೇ ಬಿಡಲಿಲ್ಲ. ಮಾರನೇ ದಿನ ಆಸ್ಪತ್ರೆಗೆ ಕರಕೊಂಡು ಹೋದೆ. ಗುಳಿಗೆ ಶುರುವಾಗಿ ಮೂರನೇ ವಾರಕ್ಕೆ ನಿದ್ದೆ ಹತ್ತಿತು. ಸಾಲ ಹಾಗೇ ಇತ್ತು. ಆದರೆ ಸೊಸೈಟಿಗೆ ಹೋಗಿ ಕಂತಿನ ಬಗ್ಗೆ ಮಾತಾಡುವ ಧೈರ್ಯ ಬಂತು. ಈಗ ಹೊಲಕ್ಕೆ ಹೋಗುತ್ತಾನೆ.

ಎಲ್ಲಿಗೆ ಹೋಗಬೇಕು?

ಹಳ್ಳಿಯವರಿಗೆ ಮನಸ್ಸಿನ ಚಿಕಿತ್ಸೆ ಹತ್ತಿರದಲ್ಲೇ ಸಿಗಬೇಕೆಂದು ನಿಮ್ಹಾನ್ಸ್‌ನವರು 1985ರ ಸುಮಾರಿಗೆ ಮಾಡಿ ನೋಡಿದ್ದು ನಮ್ಮ ಆಗಿನ ಬಳ್ಳಾರಿ ಜಿಲ್ಲೆಯಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟರು. ಅದೇ ಮಾದರಿ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಮನೋವೈದ್ಯರು ನಿಮ್ಮ ತಾಲೂಕು ಆಸ್ಪತ್ರೆಗೆ ಯಾವ ವಾರ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ.

ಫೋನಿನಲ್ಲಿ ಮಾತಾಡಬೇಕೆಂದರೆ 14416. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಖಿನ್ನತೆಯ ಗುಳಿಗೆ ಹತ್ತಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲವೆಂದೋ, ಗುಣವಾಯಿತೆಂದೋ ಡಾಕ್ಟರನ್ನು ಕೇಳದೆ ಬಿಡಬಾರದು. ದೇವರಿಗೆ ಹರಕೆ ಹೊರುವವರು ಹೊರಲಿ, ಗುಳಿಗೆಯೂ ನಡೆಯಲಿ.

ಯಾರಾದರೂ ಎಣ್ಣೆ ಕುಡಿದರೆ ತಡಮಾಡದೆ 108ಕ್ಕೆ ಫೋನು ಮಾಡಿ. ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯಿರಿ, ಅದರ ಚೀಟಿ ನೋಡಿ ಡಾಕ್ಟರು ಚಿಕಿತ್ಸೆ ಕೊಡುತ್ತಾರೆ. ಕೇಸಿಗೆ ಹೆದರಿ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇಂಥವರನ್ನು ಅತಿಯಾದ ಮನೋಒತ್ತಡದಲ್ಲಿದ್ದವರು ಎಂದೇ ನೋಡಬೇಕು ಎನ್ನುತ್ತದೆ. ಹಳೆಯ 309ನೇ ಕಲಮು 2024ರ ಜುಲೈ 1ರಿಂದ ಇಲ್ಲ.

ಊರಿನ ಮಾತು

ಕೊನೆಯದಾಗಿ ನಮ್ಮ ನಾಲಿಗೆ. ಬದುಕಿ ಬಂದವನನ್ನು 'ಹೇಡಿ' ಅನ್ನುವುದು, ಆ ಮನೆಯ ಹೆಣ್ಣು ತರಬಾರದು ಅನ್ನುವುದು, ಕಟ್ಟೆ ಮೇಲೆ ಕೂತು ಕಾರಣ ಹುಡುಕುವುದು, ಇವೆಲ್ಲ ಮುಂದಿನವನ ಬಾಯಿ ಮುಚ್ಚಿಸುತ್ತವೆ. ಸಕ್ಕರೆ ಕಾಯಿಲೆ ಬಂದವನಿಗೆ ಹೀಗೆ ಅನ್ನುತ್ತೇವೆಯೇ? ಸತ್ತವರ ಮನೆಗೆ ಮೂರು ದಿನ ಹೋಗಿ ನಿಲ್ಲಿಸಬೇಡಿ. ಮುಂದಿನ ಬಿತ್ತನೆಗೆ ಅವರ ಹೊಲಕ್ಕೆ ಒಂದು ದಿನ ಎತ್ತು ಕಳಿಸಿ.

ನಿಮ್ಮೂರಲ್ಲಿ ಎಣ್ಣೆ ಡಬ್ಬಿಗಳನ್ನು ಒಟ್ಟಿಗೆ ಇಡುವ ಪದ್ಧತಿ ಮಾಡಿಕೊಂಡಿದ್ದರೆ ಹೇಗೆ ನಡೆಯುತ್ತಿದೆ ಎಂದು ಪತ್ರಿಕೆಗೆ ಬರೆಯಿರಿ. ಇಲ್ಲದಿದ್ದರೆ ಈ ಮುಂಗಾರಿಗೆ ಮೊದಲೇ ಶುರು ಮಾಡಿ.