ಸಕ್ಕರೆಯ ಮರ

ಸಕ್ಕರೆ ಎಂದೊಡನೆ ನಮ್ಮ ನಾಡಿನವರ ಕಣ್ಣ ಮುಂದೆ ಬರುವುದು ಕಬ್ಬಿನ ಗದ್ದೆ, ಗಾಣ ಮತ್ತು ಆಲೆಮನೆ. ಉತ್ತರ ಅಮೆರಿಕದ ಚಳಿಯ ಸೀಮೆಯಲ್ಲಿ ಕಬ್ಬು ಬೆಳೆಯುವುದಿಲ್ಲ. ಅಲ್ಲಿಯ ಜನರಿಗೆ ಬಹುಕಾಲದಿಂದ ಸಿಹಿಯನ್ನು ಒದಗಿಸುತ್ತ ಬಂದಿರುವುದು ಒಂದು ಕಾಡುಮರ. ಅದೇ ಸಕ್ಕರೆ ಮೇಪಲ್. ಸಸ್ಯಶಾಸ್ತ್ರಜ್ಞರು ಅದನ್ನು ಏಸರ್ ಸ್ಯಾಕರಮ್ ಎಂದು ಕರೆಯುತ್ತಾರೆ. ಹಿಂದೆ ಮೇಪಲ್ ಮರಗಳನ್ನು ಪ್ರತ್ಯೇಕ ಕುಟುಂಬವೆಂದು ಎಣಿಸುತ್ತಿದ್ದರು. ಈಗ ಅವನ್ನು ಅಂಟುವಾಳದ ಕುಟುಂಬಕ್ಕೆ ಸೇರಿಸಿದ್ದಾರೆ. ನಮ್ಮ ಹಿರಿಯರು ತಲೆ ತೊಳೆಯಲು ಬಳಸುತ್ತಿದ್ದ ಅಂಟುವಾಳದ ಕಾಯಿಗೂ ಕೆನಡಾ ದೇಶದ ಸಿಹಿಪಾಕಕ್ಕೂ ಹೀಗೊಂದು ದೂರದ ನಂಟು! ಹಿಮಾಲಯದಲ್ಲಿಯೂ ಮೇಪಲ್ ಕುಲದ ಹಲವು ಜಾತಿಗಳುಂಟು. ಆದರೆ ಸಕ್ಕರೆ ಮೇಪಲಿನ ತವರು ಕೆನಡಾದ ಆಗ್ನೇಯ ಭಾಗ, ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗ ಮತ್ತು ಮಹಾಸರೋವರಗಳ ಸುತ್ತಲಿನ ಅರಣ್ಯ.

ಇದು ಎತ್ತರವಾದ ಮರ. ಸಾಮಾನ್ಯವಾಗಿ 25ರಿಂದ 35 ಮೀಟರುಗಳವರೆಗೆ ಬೆಳೆಯುತ್ತದೆ. ಮುನ್ನೂರು ವರ್ಷ ಬಾಳಿದ ಮರಗಳೂ ಇವೆ. ಎಳೆಯ ಮರದ ತೊಗಟೆ ಬೂದುಬಣ್ಣದ್ದು, ನಯವಾದದ್ದು. ವಯಸ್ಸಾದಂತೆ ಅದು ಉದ್ದುದ್ದವಾಗಿ ಬಿರಿದು ಒರಟಾಗುತ್ತದೆ. ಎಲೆಗಳು ಕೊಂಬೆಯ ಮೇಲೆ ಎದುರುಬದುರಾಗಿ ಜೋಡಿಜೋಡಿಯಾಗಿ ಹುಟ್ಟುತ್ತವೆ. ಬೆರಳು ಬಿಡಿಸಿದ ಅಂಗೈಯಂತೆ ಪ್ರತಿಯೊಂದು ಎಲೆಯಲ್ಲಿಯೂ ಸಾಮಾನ್ಯವಾಗಿ ಐದು ಸೀಳುಗಳಿರುತ್ತವೆ. ಕಾಯಿಗಳೂ ಜೋಡಿಯೇ. ಒಂದೊಂದಕ್ಕೂ ಕಾಗದದಷ್ಟು ತೆಳುವಾದ ರೆಕ್ಕೆಯೊಂದಿದ್ದು, ಉದುರುವಾಗ ಅವು ಗಿರಗಿರನೆ ತಿರುಗುತ್ತ ಗಾಳಿಯಲ್ಲಿ ತೇಲಿ ತಾಯಿಮರದಿಂದ ದೂರ ಹೋಗಿ ಬೀಳುತ್ತವೆ.

ಈ ಬೀಜದ ಸ್ವಭಾವ ಸೋಜಿಗವಾದದ್ದು. ರಾಗಿ, ಭತ್ತಗಳ ಬೀಜ ಮೊಳೆಯಬೇಕಾದರೆ ಬೆಚ್ಚನೆಯ ನೆಲ ಬೇಕು. ಮೇಪಲಿನ ಬೀಜವಾದರೋ ಶರತ್ಕಾಲದಲ್ಲಿ ಉದುರಿ, ಚಳಿಗಾಲವೆಲ್ಲ ತರಗಲೆ ಮತ್ತು ಹಿಮದ ಹೊದಿಕೆಯ ಅಡಿಯಲ್ಲಿ ಮಲಗಿದ್ದು, ಸುಮಾರು 1 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಹಿಮ ಇನ್ನೂ ಕರಗುತ್ತಿರುವಾಗಲೇ ಮೊಳೆಯುತ್ತದೆ. 10 ಡಿಗ್ರಿ ಮೀರಿದರೆ ಮೊಳೆಯುವ ಬೀಜ ತೀರ ಕಡಮೆ. ಹುಟ್ಟಿದ ಸಸಿಗೆ ಆತುರವೂ ಇಲ್ಲ. ದೊಡ್ಡ ಮರಗಳ ನೆರಳಿನಲ್ಲಿ ಅದು ಹಲವು ದಶಕಗಳವರೆಗೆ ಕುಳ್ಳಾಗಿಯೇ ಬದುಕಿರಬಲ್ಲದು. ಪಕ್ಕದ ಮುದಿಮರವೊಂದು ಉರುಳಿ ಬೆಳಕಿನ ಕಿಂಡಿ ತೆರೆದಾಗ ಅದು ಮೇಲೇಳುತ್ತದೆ.

ಶರತ್ಕಾಲದಲ್ಲಿ ಈ ಮರವನ್ನು ನೋಡಲೆಂದೇ ಜನರು ದೂರದೂರುಗಳಿಂದ ಪ್ರವಾಸ ಬರುತ್ತಾರೆ. ಹಗಲು ಕಿರಿದಾಗಿ ಚಳಿ ಅಡಿಯಿಟ್ಟಾಗ ಎಲೆಯಲ್ಲಿಯ ಪತ್ರಹರಿತ್ತು ಅಳಿಯುತ್ತದೆ. ಅದುವರೆಗೆ ಅದರ ಮರೆಯಲ್ಲಿದ್ದ ಹಳದಿ ಬಣ್ಣ ಹೊರಗೆ ತೋರುತ್ತದೆ. ಕೆಂಪಿನ ಕಥೆ ಬೇರೆ. ಅದು ಮೊದಲೇ ಅಡಗಿದ್ದ ಬಣ್ಣವಲ್ಲ. ಎಲೆಯಲ್ಲಿ ಉಳಿದ ಸಕ್ಕರೆಯ ನೆರವಿನಿಂದ ಆಗ ಹೊಸದಾಗಿ ಉಂಟಾಗುವುದು. ಹಳದಿ, ಕಿತ್ತಳೆ, ಕೆಂಪು ಮೂರೂ ಒಂದೇ ಮರದ ಮೇಲೆ ಕಾಣಿಸಿಕೊಂಡಾಗ ಬೆಟ್ಟಕ್ಕೆ ಬೆಟ್ಟವೇ ಹೊತ್ತಿಕೊಂಡಂತೆ ತೋರುತ್ತದೆ.

ಆದರೆ ಮೇಪಲಿನ ನಿಜವಾದ ಸಂಪತ್ತು ಕಾಂಡದೊಳಗಿದೆ. ಬೇಸಗೆಯಲ್ಲಿ ಎಲೆಗಳು ತಯಾರಿಸಿದ ಆಹಾರವನ್ನು ಮರವು ಪಿಷ್ಟದ ರೂಪದಲ್ಲಿ ಕಾಂಡದಲ್ಲಿಯೂ ಬೇರಿನಲ್ಲಿಯೂ ಕೂಡಿಡುತ್ತದೆ. ಚಳಿಗಾಲದಲ್ಲಿ ಆ ಪಿಷ್ಟದ ಒಂದಂಶ ಸಕ್ಕರೆಯಾಗಿ ರಸದಲ್ಲಿ ಬೆರೆಯುತ್ತದೆ. ಮುಂದಿನ ವಸಂತದಲ್ಲಿ ಹೊಸ ಚಿಗುರನ್ನು ಸಾಕಲು ಮಾಡಿಟ್ಟ ಬುತ್ತಿ ಅದು. ಫೆಬ್ರವರಿ ಕೊನೆಯಿಂದ ಏಪ್ರಿಲಿನವರೆಗೆ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು ಇರುವ ಕೆಲವು ವಾರಗಳಲ್ಲಿ ಮಾತ್ರ ಈ ರಸ ಚೆನ್ನಾಗಿ ಹರಿಯುತ್ತದೆ. ಇದಕ್ಕೆ ಕಾರಣವುಂಟು. ಮೇಪಲಿನ ಕಟ್ಟಿಗೆಯ ನಾರುಗಳಲ್ಲಿ ಗಾಳಿ ತುಂಬಿರುತ್ತದೆ. ರಾತ್ರಿ ರಸವು ಹೆಪ್ಪುಗಟ್ಟುವಾಗ ಈ ಗಾಳಿ ಕುಗ್ಗಿ ಮಂಜುಗಡ್ಡೆಯ ನಡುವೆ ಸೆರೆಯಾಗುತ್ತದೆ. ಆಗ ಉಂಟಾಗುವ ಸೆಳೆತಕ್ಕೆ ಬೇರುಗಳು ನೆಲದಿಂದ ನೀರನ್ನು ಹೀರಿಕೊಳ್ಳುತ್ತವೆ. ಹಗಲು ಮಂಜುಗಡ್ಡೆ ಕರಗಿದೊಡನೆ ಸೆರೆಯಲ್ಲಿದ್ದ ಗಾಳಿ ಹಿಗ್ಗಿ ರಸವನ್ನು ಒತ್ತುತ್ತದೆ. ಆಗ ಕಾಂಡದಲ್ಲಿ ತೂತಿದ್ದರೆ ರಸವು ತೊಟ್ಟಿಕ್ಕುತ್ತದೆ. ರಾತ್ರಿಯ ಚಳಿ ತಪ್ಪಿದರೆ ಹರಿವೂ ನಿಲ್ಲುತ್ತದೆ. ಮೊಗ್ಗು ಒಡೆದ ಮೇಲಂತೂ ರಸದ ರುಚಿಯೇ ಕೆಡುತ್ತದೆ.

ಈ ಗುಟ್ಟನ್ನು ಮೊದಲು ಅರಿತವರು ಅಲ್ಲಿಯ ಮೂಲನಿವಾಸಿಗಳು. ಅನಿಶಿನಾಬೆ, ಅಬೆನಾಕಿ ಮೊದಲಾದ ಜನಾಂಗದವರು ಯೂರೋಪಿಯನ್ನರು ಬರುವುದಕ್ಕೆ ಮೊದಲೇ ತೊಗಟೆಯಲ್ಲಿ ಗಾಯ ಮಾಡಿ, ಭೂರ್ಜದ ಜಾತಿಗೆ ಸೇರಿದ ಬರ್ಚ್ ಮರದ ತೊಗಟೆಯಿಂದ ಮಾಡಿದ ದೊನ್ನೆಗಳಲ್ಲಿ ರಸವನ್ನು ಹಿಡಿಯುತ್ತಿದ್ದರು. ಅನಿಶಿನಾಬೆಯರು ವಸಂತದ ಒಂದು ಮಾಸವನ್ನು ಸಕ್ಕರೆ ಕಾಯಿಸುವ ತಿಂಗಳೆಂದೇ ಹೆಸರಿಸಿದ್ದಾರೆ. ರಸವನ್ನು ರಾತ್ರಿ ಹೊರಗಿಟ್ಟು, ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಬೆಳಗ್ಗೆ ತೆಗೆದು ಎಸೆಯುವುದು ಅವರ ಒಂದು ಜಾಣ ಉಪಾಯ. ಗಡ್ಡೆಯಾಗುವುದು ಬಹುಮಟ್ಟಿಗೆ ಬರಿಯ ನೀರು. ಉಳಿದ ರಸ ಅಷ್ಟರಮಟ್ಟಿಗೆ ಗಟ್ಟಿಯಾಗುತ್ತದೆ. ಸೌದೆಯ ಖರ್ಚಿಲ್ಲದೆ ಪಾಕ ಮಾಡುವ ಈ ಯುಕ್ತಿಯನ್ನು ಮೆಚ್ಚಬೇಕಾದದ್ದೇ.

ಮುಂದೆ ಕಬ್ಬಿಣದ ಕೊಪ್ಪರಿಗೆಗಳು ಬಂದವು, ಅನಂತರ ಅಗಲವಾದ ತಗಡಿನ ಬಾನಿಗಳು ಬಂದವು. ಮರಕ್ಕೆ ಸುಮಾರು ನಲವತ್ತು ವರ್ಷವಾಗಿ ಕಾಂಡ 25ರಿಂದ 30 ಸೆಂಟಿಮೀಟರು ದಪ್ಪವಾಗುವವರೆಗೆ ಅದಕ್ಕೆ ಬೈರಿಗೆ ಹಾಕುವುದಿಲ್ಲ. ತೂತು ಕಿರಿದಾಗಿರುತ್ತದೆ, ಸುಮಾರು 8 ಮಿಲಿಮೀಟರು ಅಗಲ. ಒಮ್ಮೆ ಕೊರೆದ ತೂತನ್ನು ಮರವು ಎರಡು ಮೂರು ವರ್ಷಗಳಲ್ಲಿ ಮುಚ್ಚಿಕೊಳ್ಳುತ್ತದೆಯಾದರೂ ಒಳಗಿನ ಗಾಯಗೊಂಡ ಕಟ್ಟಿಗೆಯಲ್ಲಿ ಮತ್ತೆ ರಸ ಹರಿಯದು. ಆದ್ದರಿಂದ ವರ್ಷವರ್ಷವೂ ಹೊಸ ಜಾಗ ಹುಡುಕಬೇಕು. ತೂತುಗಳನ್ನು ಅಂಕೆಯಲ್ಲಿಟ್ಟುಕೊಂಡ ಕುಟುಂಬಗಳು ಅಜ್ಜನ ಕಾಲದ ಮರಗಳಿಂದ ಮೊಮ್ಮಕ್ಕಳ ಕಾಲದಲ್ಲಿಯೂ ರಸ ಪಡೆದಿವೆ. ರಸದಲ್ಲಿರುವ ಸಕ್ಕರೆ ನೂರಕ್ಕೆ ಸುಮಾರು ಎರಡು ಪಾಲು ಮಾತ್ರ. ಸುಮಾರು 40 ಲೀಟರು ರಸವನ್ನು ಕುದಿಸಿದರೆ ದೊರೆಯುವ ಪಾಕ 1 ಲೀಟರು! ರಸವನ್ನು ಬಹಳ ಹೊತ್ತು ಇಟ್ಟರೆ ಕೆಡುವುದರಿಂದ ಸುಗ್ಗಿಯ ದಿನಗಳಲ್ಲಿ ಒಲೆ ಹಗಲಿರುಳೂ ಉರಿಯುತ್ತದೆ. ಇತ್ತೀಚಿನ ದಶಕಗಳಲ್ಲಿ ದೊಡ್ಡ ತೋಪುಗಳಲ್ಲಿ ಬಕೆಟ್ಟುಗಳಿಗೆ ಬದಲಾಗಿ ಪ್ಲಾಸ್ಟಿಕ್ ಕೊಳವೆಗಳು ಮರದಿಂದ ಮರಕ್ಕೆ ಹರಿದಾಡಿವೆ. ಜಗತ್ತಿನ ಮೇಪಲ್ ಪಾಕದಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕೆನಡಾದ ಕ್ವಿಬೆಕ್ ಪ್ರಾಂತದ್ದು. ಬೆಳೆ ಕೈಕೊಟ್ಟ ವರ್ಷಕ್ಕೆಂದು ಅಲ್ಲಿ ಪೀಪಾಯಿಗಳಲ್ಲಿ ಪಾಕದ ದಾಸ್ತಾನನ್ನೇ ಇಟ್ಟಿದ್ದಾರೆ. 2011 ಮತ್ತು 2012ರಲ್ಲಿ ಕಳ್ಳರು ಆ ದಾಸ್ತಾನಿನಿಂದ ಸುಮಾರು 3,000 ಟನ್ ಪಾಕವನ್ನು ಸಾಗಿಸಿ, ಅನೇಕ ಪೀಪಾಯಿಗಳಲ್ಲಿ ನೀರು ತುಂಬಿಟ್ಟಿದ್ದರಂತೆ!

ಈ ಮರದ ಮೇಲೆ ಒಮ್ಮೆ ಬಹು ದೊಡ್ಡ ಆಸೆಯೊಂದನ್ನು ಇಟ್ಟಿದ್ದರು. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕಕ್ಕೂ ಯೂರೋಪಿಗೂ ಕಬ್ಬಿನ ಸಕ್ಕರೆ ಬರುತ್ತಿದ್ದುದು ಮುಖ್ಯವಾಗಿ ವೆಸ್ಟ್ ಇಂಡೀಸ್ ದ್ವೀಪಗಳಿಂದ. ಆಫ್ರಿಕದಿಂದ ಹಿಡಿದು ತಂದ ಗುಲಾಮರ ಬೆವರು, ನೆತ್ತರು ಆ ಸಕ್ಕರೆಯಲ್ಲಿ ಬೆರೆತಿದ್ದವು. ಫಿಲಡೆಲ್ಫಿಯದ ವೈದ್ಯ ಬೆಂಜಮಿನ್ ರಶ್ 1791ರಲ್ಲಿ ಥಾಮಸ್ ಜೆಫರ್ಸನ್‌ಗೆ ಒಂದು ದೀರ್ಘ ಪತ್ರ ಬರೆದನು. ಸ್ವತಂತ್ರ ರೈತರು ತಮ್ಮ ಕಾಡಿನ ಮೇಪಲ್ ಮರಗಳಿಂದಲೇ ಸಕ್ಕರೆ ಮಾಡಿಕೊಂಡರೆ ಗುಲಾಮರ ದುಡಿಮೆಯ ಸಕ್ಕರೆ ಬೇಡವಾಗುವುದೆಂಬುದು ಅವನ ವಾದ. ಜೆಫರ್ಸನ್ ಅದೇ ವರ್ಷ ಸಸಿಗಳನ್ನು ಕೊಂಡು ವರ್ಜೀನಿಯದ ತನ್ನ ಮಾಂಟಿಚೆಲೊ ಎಸ್ಟೇಟಿನಲ್ಲಿ ನೆಡಿಸಿದನು. ಆ ಎಸ್ಟೇಟಿನಲ್ಲಿ ದುಡಿಯುತ್ತಿದ್ದವರೂ ಗುಲಾಮರೇ ಎಂಬುದನ್ನು ಮರೆಯುವಂತಿಲ್ಲ. ಅಲ್ಲಿ ಸಕ್ಕರೆಯ ತೋಪು ಮೇಲೇಳಲಿಲ್ಲ. ನಲವತ್ತು ವರ್ಷ ಕಾಯಿಸಿ, ನಲವತ್ತಕ್ಕೆ ಒಂದರಂತೆ ಕೊಡುವ ಮರವು ಕಬ್ಬಿನ ಗದ್ದೆಯನ್ನು ಗೆಲ್ಲುವಂತಿರಲಿಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿಯೂ ಗುಲಾಮಗಿರಿಯನ್ನು ವಿರೋಧಿಸಿದ ಕೆಲವರು ಕಬ್ಬಿನ ಸಕ್ಕರೆಯನ್ನು ತೊರೆದು ಮೇಪಲ್ ಸಕ್ಕರೆಯನ್ನೇ ಬಳಸುತ್ತಿದ್ದರು.

ಕಟ್ಟಿಗೆಯೂ ಬೆಲೆಯುಳ್ಳದ್ದೇ. ಬಿಳುಪಾಗಿ, ಗಟ್ಟಿಯಾಗಿ, ಸವೆತವನ್ನು ತಾಳುವಂಥದು. ಬ್ಯಾಸ್ಕೆಟ್‌ಬಾಲ್ ಅಂಕಣದ ನೆಲಹಾಸು, ಪೀಠೋಪಕರಣ, ಮಾಂಸ ಕತ್ತರಿಸುವ ಕೊರಡು ಮುಂತಾದವುಗಳಿಗೆ ಅದನ್ನು ಬಳಸುತ್ತಾರೆ. ಮೇಪಲ್ ಎಲೆಯು 1965ರ ಫೆಬ್ರವರಿ 15ರಂದು ಕೆನಡಾದ ರಾಷ್ಟ್ರಧ್ವಜವನ್ನೇರಿತು.

ಧ್ವಜದ ಮೇಲಿನ ಎಲೆಗೆ ಬಾಧೆಯಿಲ್ಲ. ಕಾಡಿನ ಎಲೆಗೆ ಉಂಟು. ಕಾರ್ಖಾನೆಗಳ ಹೊಗೆಯಿಂದ ಸುರಿದ ಆಮ್ಲಮಳೆ ಹಲವೆಡೆ ಮಣ್ಣಿನ ಕ್ಯಾಲ್ಸಿಯಮ್ಮನ್ನು ತೊಳೆದುಬಿಟ್ಟಿತು. ನ್ಯೂ ಹ್ಯಾಂಪ್‌ಷೈರಿನ ಹಬಾರ್ಡ್ ಬ್ರೂಕ್ ಸಂಶೋಧನಾರಣ್ಯದಲ್ಲಿ ವಿಜ್ಞಾನಿಗಳು 1999ರಲ್ಲಿ ಒಂದು ಕಣಿವೆಯ ಮೇಲೆ ಹೆಲಿಕಾಪ್ಟರಿನಿಂದ ಕ್ಯಾಲ್ಸಿಯಮ್ ಖನಿಜವನ್ನು ಚೆಲ್ಲಿಸಿದರು. ಅಲ್ಲಿ ಮೇಪಲ್ ಮರಗಳು ಚೇತರಿಸಿಕೊಂಡವು, ಸಸಿಗಳೂ ಹೆಚ್ಚಿದವು. ರೈತನ ಮಿತ್ರನೆಂದು ಹೆಸರಾದ ಎರೆಹುಳು ಇಲ್ಲಿ ಶತ್ರುವಾಗಿದೆ. ಹಿಮಯುಗದ ಬಳಿಕ ಎರೆಹುಳುವೇ ಇರದಿದ್ದ ಆ ಉತ್ತರದ ಕಾಡುಗಳಿಗೆ ಯೂರೋಪಿನಿಂದ ಬಂದು ಸೇರಿದ ಹುಳುಗಳು ತರಗಲೆಯ ಹಾಸನ್ನು ತಿಂದುಹಾಕುವುದರಿಂದ ಎಳೆಯ ಸಸಿಗಳಿಗೆ ನೆಲೆ ತಪ್ಪುತ್ತಿದೆ. ಎಲ್ಲಕ್ಕಿಂತ ಮಿಗಿಲಾದ ಚಿಂತೆ ಭೂಮಿಯ ಉಷ್ಣತೆ ಏರುತ್ತಿರುವುದು. ವೆರ್ಮಾಂಟ್ ಸಂಸ್ಥಾನದ ಹಳ್ಳಿಗಳಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರ ಸಭೆ ಸೇರುತ್ತದೆ. ಮರಗಳಿಗೆ ಬೈರಿಗೆ ಹಾಕಲು ಅದೇ ತಕ್ಕ ಸಮಯವೆಂದು ಹಿಂದಿನವರು ನಂಬಿದ್ದರು. ಈಗ ಅಲ್ಲಿಯ ಅನೇಕರು ಜನವರಿಯಲ್ಲಿಯೇ ತೂತು ಕೊರೆದು, ರಾತ್ರಿ ಚಳಿ ಬೀಳುವುದೇ ಎಂದು ಆಕಾಶ ನೋಡುತ್ತಾರೆ.