ಹುಳುಮನೆಯ ಪ್ಯಾನೆಲ್ ಚಾವಣಿ: ಮೇಲೆ ಏನು ಹೊದಿಸೋದು, ಹೇಗೆ ಕೂರಿಸೋದು?

ನಮ್ಮ ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ ಸೀಮೆಯಲ್ಲಿ ಹಳೇ ಮನೆ ಅಂದರೆ ಕಲ್ಲುಚಪ್ಪಡಿ ಹಾಸಿದ್ದು, ಇಲ್ಲವೇ ಮಣ್ಣಿನ ಮಾಳಿಗೆ. ಎರಡೂ ತಂಪು. ಮಾಳಿಗೆ ಮೇಲೆ ಹಾಕುವ ಚೌಳು ಮಣ್ಣು ಮಳೆ ಬಿದ್ದೊಡನೆ ಬೆಣ್ಣೆ ಸವರಿದ ಹಾಗೆ ಮುಚ್ಚಿಕೊಳ್ಳುತ್ತೆ. ಅದರಲ್ಲಿರುವ ಸೋಡಿಯಂ ಉಪ್ಪು ಜೇಡಿಯನ್ನು ಬಿಡಿ ಬಿಡಿ ಕಣ ಮಾಡಿ ಸಂದು ತುಂಬಿಸುವುದೇ ಅದರ ಗುಟ್ಟು. ಹೊಲದಲ್ಲಿ ಶಾಪವಾದ ಮಣ್ಣು ಮಾಳಿಗೆ ಮೇಲೆ ವರ. ಆದರೆ ಅಂಥ ಭಾರ ಹೊರುವ ತೊಲೆ ಈಗ ಎಲ್ಲಿ ಸಿಗುತ್ತೆ? ಹಾಗಾಗಿ ಹೊಸದಾಗಿ ರೇಷ್ಮೆ ಹುಳುಮನೆ ಕಟ್ಟುವವರೆಲ್ಲ ತಗಡಿಗೇ ಬರುತ್ತಾರೆ.

ಬರೀ ತಗಡಿನಡಿ ಹುಳು ಸಾಕೋದು ಕಷ್ಟ. ಚಾಕಿ ಹುಳುವಿಗೆ 27–28 ಡಿಗ್ರಿ, ದೊಡ್ಡ ಹುಳುವಿಗೆ 24–26 ಡಿಗ್ರಿ ಬೇಕು. ಏಪ್ರಿಲ್ ಮಧ್ಯಾಹ್ನ ತಗಡು ಕೈ ಇಡಲಾರದಷ್ಟು ಕಾದು, ಒಳಗಿರುವ ತಟ್ಟೆಗಳಿಗೆ ಒಲೆ ಹಿಡಿದ ಹಾಗೆ ಕಾವು ಇಳಿಸುತ್ತೆ. ಸಪ್ಪೆರೋಗ ಬರಲು ಇನ್ನೇನು ಬೇಕು? ಚಳಿಗಾಲದಲ್ಲಿ ತೊಂದರೆ ಬೇರೆ. ಒಳಗೆ 25 ಡಿಗ್ರಿ, ತೇವ ನೂರಕ್ಕೆ 80 ಇದ್ದರೆ, 21 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಹನಿ ಕಟ್ಟುತ್ತೆ. ಡಿಸೆಂಬರ್ ರಾತ್ರಿ ತಗಡು ಅದಕ್ಕಿಂತ ಎಷ್ಟೋ ತಣ್ಣಗಿರುತ್ತೆ. ಆ ಹನಿ ಸೊಪ್ಪಿನ ಮೇಲೆ ತೊಟ್ಟಿಕ್ಕಿದರೆ ಸುಣ್ಣಕಟ್ಟು ರೋಗಕ್ಕೆ ನಾವೇ ಹಾಸಿಗೆ ಹಾಸಿದಂತೆ.

ಅದಕ್ಕೇ ಪ್ಯಾನೆಲ್. ಎರಡು ತೆಳು ತಗಡುಗಳ ನಡುವೆ ಥರ್ಮೊಕೋಲ್, ಪಫ್ ಅಥವಾ ಕಲ್ಲುನಾರು ತುಂಬಿದ ಹಲಗೆ. 50 ಮಿ.ಮೀ. ಥರ್ಮೊಕೋಲ್ ಪ್ಯಾನೆಲ್ ಹಾಕಿದರೆ, ಬರೀ ತಗಡಿನಿಂದ ಇಳಿಯುವ ಕಾವಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಒಳಗೆ ಬರುತ್ತೆ. ಪಫ್ ಅದೇ ದಪ್ಪಕ್ಕೆ ಇನ್ನೂ ಒಳ್ಳೇದು. ಕಲ್ಲುನಾರು ತೂಕ ಜಾಸ್ತಿ, ಆದರೆ ಬೆಂಕಿ ಹತ್ತಲ್ಲ. ಚಳಿಗೆ ಇದ್ದಿಲ ಒಲೆ ಇಡುವ ಅಭ್ಯಾಸ ಇರುವವರು ಈ ಮಾತನ್ನು ಗಮನಿಸಬೇಕು. ಥರ್ಮೊಕೋಲ್ ಕರಗಿ, ಉರಿದು ತೊಟ್ಟಿಕ್ಕುತ್ತೆ. ಪಫ್ ಉರಿದರೆ ಹೊಗೆಯೇ ವಿಷ.

ಪ್ಯಾನೆಲ್ ಇದ್ದ ಮೇಲೆ ಮತ್ತೆ ಹೊದಿಕೆ ಯಾಕೆ?

ಚಾವಣಿಗೆಂದೇ ಮಾಡಿದ ಪ್ಯಾನೆಲ್ ಇದೆ. ಮೇಲ್ಮೈಯಲ್ಲಿ ಏಣು ಇರುತ್ತೆ, ಒಂದರ ಏಣು ಪಕ್ಕದ್ದನ್ನು ಟೋಪಿಯಂತೆ ಮುಚ್ಚುತ್ತೆ. ಅದನ್ನು ಇಳಿಜಾರು ಸರಿ ಇಟ್ಟು ಹಾಕಿದರೆ ಮೇಲೆ ಏನೂ ಬೇಡ. ಆದರೆ ನಮ್ಮ ಕಡೆ ಬರುವುದರಲ್ಲಿ ಚಪ್ಪಟೆ ಗೋಡೆ ಪ್ಯಾನೆಲ್ಲೂ ಇದೆ. ಹಳೇ ಕೋಲ್ಡ್ ಸ್ಟೋರೇಜು, ಸೈಟ್ ಆಫೀಸು ಬಿಚ್ಚಿದ ಮಾಲು ಅಗ್ಗಕ್ಕೆ ಸಿಗುತ್ತೆ ಅಂತ ತರುತ್ತೇವೆ. ಇದರ ಜೋಡಣೆ ನಾಲಿಗೆ-ಗಾಡಿ ಥರದ್ದು, ನಿಂತ ಗೋಡೆಗೆ ಸರಿ. ಮಲಗಿಸಿದರೆ ಪ್ರತಿ ಸಂದೂ ಒಂದು ಕಾಲುವೆ. ಸಿಲಿಕಾನ್ ಹಚ್ಚಿ ಮುಗಿಸುತ್ತೇವೆ ಅನ್ನುವವರ ಮಾತು ನಂಬಬೇಡಿ. ಬಿಸಿಲಿಗೆ ತಗಡು ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. 30 ಅಡಿ ಉದ್ದದ ತಗಡು 45 ಡಿಗ್ರಿ ಏರುಪೇರಿಗೆ ಸುಮಾರು 5 ಮಿ.ಮೀ. ಓಡಾಡುತ್ತೆ. ದಿನಾ ಎಳೆದಾಡಿದರೆ ಯಾವ ಅಂಟು ತಾನೇ ನಿಂತೀತು?

ನೀರು ಒಳಗಿನ ಥರ್ಮೊಕೋಲಿಗೆ ಇಳಿದರೆ ಹೊರಗೆ ಬರುವ ದಾರಿ ಇಲ್ಲ. ತಗಡು ಒಳಗಿಂದ ತುಕ್ಕು ಹಿಡಿದು ಅಂಟು ಬಿಡುತ್ತೆ. ಅಂಟು ಬಿಟ್ಟ ಪ್ಯಾನೆಲ್ಲಿಗೆ ಬಲವೇ ಇಲ್ಲ. ತಗಡು, ತುಂಬಿದ ಮಾಲು, ತಗಡು, ಮೂರೂ ಒಂದಾಗಿ ಹಿಡಿದಿದ್ದರೆ ಮಾತ್ರ ಅದು ಹಲಗೆ.

ಯಾವ ಹೊದಿಕೆ?

ಮಂಗಳೂರು ಹೆಂಚು ತಂಪು, ನೋಡಲೂ ಚೆಂದ. ಆದರೆ ಚದರ ಮೀಟರಿಗೆ 40 ಕಿಲೊ ಹತ್ತಿರ ಭಾರ, ಇಳಿಜಾರೂ ಕಡಿದಾಗಿರಬೇಕು. ಪ್ಯಾನೆಲ್ ಚಾವಣಿಗಳು ಸಾಮಾನ್ಯವಾಗಿ ಮಲಗಿದಂತೆ ಇರೋದರಿಂದ ಹೆಂಚಿನಡಿಗೆ ನೀರು ಹಿಂದೆ ಸರಿಯುತ್ತೆ. ಸಿದ್ದರಬೆಟ್ಟದ ಸುತ್ತಿನ ಕೋತಿಗಳ ಲೆಕ್ಕ ಬೇರೆ ಇದೆ.

ತೆಂಗಿನ ಗರಿ ಅಗ್ಗ, ತಂಪಿಗೆ ಅದನ್ನು ಮೀರಿಸಿದ್ದು ಇಲ್ಲ. ಆದರೆ ಥರ್ಮೊಕೋಲ್ ಪ್ಯಾನೆಲ್ ಮೇಲೆ ಒಣ ಗರಿ ಹಾಕೋದು ಬಣವೆ ಪಕ್ಕ ಒಲೆ ಹೂಡಿದ ಹಾಗೆ. ಗರಿಯಡಿ ತೇವ ನಿಂತು ತಗಡೂ ತಿನ್ನುತ್ತೆ.

ಡಾಂಬರು ಹಾಳೆಯನ್ನು ಗ್ಯಾಸ್ ಉರಿಯಿಂದ ಅಂಟಿಸುವ ಪದ್ಧತಿ ಆರ್‌ಸಿಸಿಗೆ ಸರಿ, ಪ್ಯಾನೆಲ್ಲಿಗೆ ಬೇಡವೇ ಬೇಡ. ಪೆಟ್ರೋಲ್, ತಿನ್ನರ್ ಇರುವ ಅಂಟು-ಬಣ್ಣ ಸಹ ಸಂದಿನಿಂದ ಇಳಿದು ಥರ್ಮೊಕೋಲನ್ನು ಸಕ್ಕರೆಯಂತೆ ಕರಗಿಸುತ್ತೆ. ಸಣ್ಣ ಚೂರಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡಿದರೆ ಗೊತ್ತಾಗುತ್ತೆ.

ಉಳಿದದ್ದು ಏಣಿನ ತಗಡು. 0.5 ಮಿ.ಮೀ. ದಪ್ಪದ್ದು ಸಾಕು, ಅದಕ್ಕಿಂತ ತೆಳು ಬೇಡ. ಅಲ್ಯೂಮಿನಿಯಂ-ಸತು ಲೇಪದ್ದು ಬರೀ ಸತುವಿನದಕ್ಕಿಂತ ಮಳೆ-ಬಿಸಿಲಿಗೆ ಹೆಚ್ಚು ತಾಳುತ್ತೆ. ಆದರೆ ಹಸಿ ಸಿಮೆಂಟು, ಸುಣ್ಣ, ದನದ ಗಂಜಲದ ಆವಿ ಅದಕ್ಕೆ ಆಗಿಬರಲ್ಲ. ಗೋಡೆಗೆ ಗಾರೆ ಮಾಡುವಾಗ ಸಿಡಿದದ್ದನ್ನು ಆಗಲೇ ತೊಳೆಯಿರಿ. ಬಣ್ಣ ಬಿಳಿ ಇರಲಿ. ಹೊಳೆಯುವ ಬರೀ ತಗಡು ಬಿಸಿಲನ್ನು ಎಸೆಯುತ್ತೆ ನಿಜ, ಆದರೆ ಕುಡಿದ ಕಾವನ್ನು ಬಿಟ್ಟುಕೊಡಲ್ಲ. ಬಿಳಿ ಬಣ್ಣ ಎರಡನ್ನೂ ಮಾಡುತ್ತೆ. ಮನೆಗೆ ಒಪ್ಪುತ್ತೆ ಅಂತ ಕಡು ಕೆಂಪು, ಕಡು ನೀಲಿ ಆರಿಸಿದರೆ ಹುಳು ಒಪ್ಪಲ್ಲ.

ಕೂರಿಸುವ ಕ್ರಮ

ಮೊದಲು ಗಾಳಿಯ ಲೆಕ್ಕ. ಬೆಂಗಳೂರಿಗೆ ಸರ್ಕಾರಿ ಮಾನಕದಲ್ಲಿ ಹಿಡಿದಿರುವ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ 119 ಕಿ.ಮೀ. ಆ ವೇಗಕ್ಕೆ ಚದರ ಮೀಟರಿನ ಮೇಲೆ 65 ಕಿಲೊಗೂ ಹೆಚ್ಚು ಒತ್ತಡ ಬೀಳುತ್ತೆ. ಚಾವಣಿಯಲ್ಲಿ ಅದು ಒತ್ತಲ್ಲ, ಮೇಲಕ್ಕೆ ಹೀರುತ್ತೆ. 30 ಅಡಿ ಉದ್ದ 20 ಅಡಿ ಅಗಲದ ಚಾವಣಿಗೆ ಇದು ಮೂರೂವರೆ ಟನ್ನು ಮೀರುತ್ತೆ. ಅಷ್ಟೇ ಅಳತೆಯ ಪ್ಯಾನೆಲ್ಲುಗಳ ತೂಕ 600 ಕಿಲೊ ಆಸುಪಾಸು! ಉಳಿದದ್ದನ್ನು ಹಿಡಿಯಬೇಕಾದದ್ದು ಸ್ಕ್ರೂ, ಪೈಪು, ಕಲ್ಲುಕಂಬ. ಏಪ್ರಿಲ್-ಮೇ ಗಾಳಿಮಳೆಗೆ ಹಾರಿಬಿದ್ದ ಚಾವಣಿ ನೋಡಿ: ಎಷ್ಟೋ ಸಲ ತಗಡು ಹರಿದಿರಲ್ಲ, ಪೈಪಿನ ಸಮೇತ ಎದ್ದಿರುತ್ತೆ. ಆದ್ದರಿಂದ ಪೈಪನ್ನು ಕಂಬಕ್ಕೆ ಯು ಬೋಲ್ಟಿನಿಂದ ಬಿಗಿದು, ಕಂಬವನ್ನು ಕಾಂಕ್ರೀಟಿನಲ್ಲಿ ಹೂತ ಮೇಲೆ ಮುಂದಿನ ಮಾತು. ವೆಲ್ಡಿಂಗ್ ಎಲ್ಲ ಪ್ಯಾನೆಲ್ ಏರಿಸುವ ಮೊದಲೇ ಮುಗಿಯಬೇಕು, ಕಿಡಿ ಬಿದ್ದರೆ ಕೆಡುತ್ತೆ.

ಪ್ಯಾನೆಲ್ ಹಾಸಿ, ಸಂದುಗಳ ಮೇಲೆ ಬ್ಯುಟೈಲ್ ಟೇಪು ಒತ್ತಿ. ನಂತರ ಟೋಪಿ ಆಕಾರಕ್ಕೆ ಮಡಚಿದ ಕಬ್ಬಿಣದ ಪಟ್ಟಿಗಳನ್ನು ಇಳಿಜಾರಿನ ಉದ್ದಕ್ಕೆ, ಅಂದರೆ ನೆತ್ತಿಯಿಂದ ಸೂರಿನ ಕಡೆಗೆ ಹಾಕಬೇಕು. ಇಲ್ಲೇ ಹೆಚ್ಚಿನ ಕೆಲಸಗಾರರು ಎಡವೋದು. ಮೇಲಿನ ತಗಡಿಗೆ ಅಡ್ಡಪಟ್ಟಿ ಬೇಕಲ್ಲ ಅಂತ ಮೊದಲೇ ಅಡ್ಡ ಹಾಕಿಬಿಡುತ್ತಾರೆ. ತಗಡಿನಿಂದ ಸೋರಿದ ಹನಿ, ತಗಡಿನಡಿ ಕಟ್ಟಿದ ಇಬ್ಬನಿ ಎಲ್ಲ ಆ ಅಡ್ಡಪಟ್ಟಿಯ ಹಿಂದೆ ಬದುವಿನ ಹಿಂದೆ ನಿಂತ ಹಾಗೆ ನಿಲ್ಲುತ್ತೆ. ಮೊದಲು ಉದ್ದಪಟ್ಟಿ, ಅದರ ಮೇಲೆ ಅಡ್ಡಪಟ್ಟಿ, ಅದರ ಮೇಲೆ ತಗಡು. ಆಗ ನೀರು ಕೆಳಗೆ ಜಾರುತ್ತೆ, ಕಾದ ಗಾಳಿ ಸೂರಿನಿಂದ ನೆತ್ತಿಗೆ ಹೊಗೆಗೂಡಿನ ಹಾಗೆ ಏರಿ ಹೊರಡುತ್ತೆ. ಎರಡಿಂಚು ಸಂದು ಸಿಕ್ಕರೆ ಒಳ್ಳೇದು.

ಉದ್ದಪಟ್ಟಿಯ ಸ್ಕ್ರೂ ಪ್ಯಾನೆಲ್ಲಿನ ಮೇಲ್ತಗಡಿಗೆ ಮಾತ್ರ ಕಚ್ಚಿದರೆ ಕೆಲಸಕ್ಕೆ ಬಾರದು. ಅರ್ಧ ಮಿ.ಮೀ. ತಗಡು ಏನು ಹಿಡಿದೀತು? ಗಾಳಿ ಎಳೆದರೆ ತಗಡು ಥರ್ಮೊಕೋಲಿನಿಂದ ಸಿಪ್ಪೆಯ ಹಾಗೆ ಏಳುತ್ತೆ. ಸ್ಕ್ರೂ ಪ್ಯಾನೆಲ್ ತೂರಿ, ಕೆಳಗಿನ ಅಡ್ಡಪೈಪಿನ ತಗಡನ್ನೂ ದಾಟಿ ಮೂರು ಸುತ್ತಾದರೂ ಒಳಗೆ ಹೋಗಿರಬೇಕು. 50 ಮಿ.ಮೀ. ಪ್ಯಾನೆಲ್ಲಿಗೆ 75 ಮಿ.ಮೀ.ಗಿಂತ ಗಿಡ್ಡ ಸ್ಕ್ರೂ ಬೇಡ. ಪೈಪು ಎಲ್ಲಿದೆ ಅಂತ ಮೇಲಿಂದ ಕಾಣಲ್ಲ. ಎರಡು ತುದಿಗೆ ಗುರುತು ಮಾಡಿ ಸುಣ್ಣದ ದಾರ ಹೊಡೆದುಕೊಳ್ಳಿ. ಬಿಗಿಯೋದರಲ್ಲೂ ಹದ ಇದೆ. ರಬ್ಬರ್ ವಾಷರ್ ಸ್ವಲ್ಪ ಚಪ್ಪಟೆಯಾದರೆ ಸಾಕು. ಇನ್ನೂ ತಿರುಗಿಸಿದರೆ ಪ್ಯಾನೆಲ್ ಗುಳಿ ಬಿದ್ದು, ಆ ಗುಳಿಯಲ್ಲೇ ನೀರು ನಿಲ್ಲುತ್ತೆ.

ಮೇಲಿನ ತಗಡಿಗೆ ಸ್ಕ್ರೂವನ್ನು ಏಣಿನ ತುದಿಗೆ ಹೊಡೆಯಿರಿ, ತಗ್ಗಿಗೆ ಬೇಡ. ನಡುವೆ ಒಂದು ಏಣು ಬಿಟ್ಟು ಒಂದು ನಡೆಯುತ್ತೆ. ಸೂರು, ನೆತ್ತಿ, ಎರಡು ಪಕ್ಕದಂಚಿನಲ್ಲಿ ಪ್ರತಿ ಏಣಿಗೂ ಬೇಕೇ ಬೇಕು, ಗಾಳಿ ಮೊದಲು ಎಬ್ಬಿಸೋದು ಅಲ್ಲೇ. ಜೋರು ಗಾಳಿ ಬರುವ ದಿಕ್ಕಿನ ಎದುರು ತುದಿಯಿಂದ ಹಾಸುತ್ತಾ ಬಂದರೆ ಪಕ್ಕದ ಒತ್ತಿನ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತೆ. ಸಂಜೆ ಇಳಿಯುವ ಮುಂಚೆ ಕೊರೆದ ಕಬ್ಬಿಣದ ಪುಡಿ ಗುಡಿಸಿ. ಬಿಟ್ಟರೆ ಒಂದೇ ಮಳೆಗೆ ಬಿಳಿ ತಗಡಿನ ತುಂಬಾ ಕೆಂಪು ಚುಕ್ಕಿ.

ಹುಳುಮನೆಗೇ ಬೇಕಾದ ಕೆಲವು

ಪ್ಯಾನೆಲ್ಲಿನ ಕತ್ತರಿಸಿದ ತುದಿಗಳನ್ನು ಯು ಪಟ್ಟಿಯಿಂದ ಮುಚ್ಚಿ. ಥರ್ಮೊಕೋಲ್ ಕಂಡರೆ ಇಲಿ ಗೂಡು ಮಾಡುತ್ತೆ, ಇರುವೆಯೂ ಬಿಡಲ್ಲ. ಸೂರಿನ ಗಾಳಿಸಂದಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ. ಊಜಿ ನೊಣ ನಮ್ಮ ರಾಜ್ಯಕ್ಕೆ ಬಂದದ್ದು 1980ರಲ್ಲಿ, ಅಲ್ಲಿಂದೀಚೆ ಹೋಗಿಲ್ಲ. ಜಾಲರಿ ಹಾಕಿದೆವೆಂದು ಗಾಳಿಕಿಂಡಿಯನ್ನೇ ಕಿರಿದು ಮಾಡಬೇಡಿ. ಹುಳು ತಾನೇ ಕಾವು, ತೇವ ಬಿಡುತ್ತೆ. ಪ್ಯಾನೆಲ್ ಹೊರಗಿನ ಬಿಸಿಲನ್ನು ತಡೆದ ಹಾಗೆ ಒಳಗಿನ ಕಾವನ್ನೂ ತಡೆಯುತ್ತೆ.

ಒಳಮೈ ತಗಡು ಬಣ್ಣದ್ದೇ ಇರಲಿ. ಪ್ರತಿ ಬೆಳೆಗೂ ಬ್ಲೀಚಿಂಗ್ ಪೌಡರ್ ದ್ರಾವಣ ಸಿಂಪಡಿಸುತ್ತೇವಲ್ಲ, ಅದು ಬರೀ ತಗಡನ್ನು ಬೇಗ ತಿನ್ನುತ್ತೆ. ಸಿಂಪಡಿಸಿ ಅದರ ಕೆಲಸ ಆದ ಮೇಲೆ ಚಾವಣಿಯ ಒಳಮೈಯನ್ನು ನೀರಿನಿಂದ ತೊಳೆದರೆ ಬಾಳಿಕೆ ಹೆಚ್ಚು. ಒಳಗೆ ತೂರಿ ಬಂದ ಸ್ಕ್ರೂ ಮೂತಿಗೂ ಬಣ್ಣ ಮುಟ್ಟಿಸಿ. ಕಬ್ಬಿಣ ಹೊರಗಿನ ಚಳಿಯನ್ನು ನೇರ ಒಳಗೆ ತರೋದರಿಂದ ಹನಿ ಕಟ್ಟೋದೂ ಅಲ್ಲೇ. ತಟ್ಟೆ ಸಾಲು ಅದರ ಕೆಳಗೆ ಬಾರದಂತೆ ನೋಡಿಕೊಂಡರಾಯಿತು.

ಸಹಾಯಧನಕ್ಕೆ ಅರ್ಜಿ ಹಾಕುವವರು ಅಳತೆ, ನಕ್ಷೆಯನ್ನು ತಾಲ್ಲೂಕಿನ ರೇಷ್ಮೆ ಇಲಾಖೆಯವರಿಗೆ ಮೊದಲೇ ತೋರಿಸಿ, ಆಮೇಲೆ ಮಾಲು ತರಲಿ.

ಯುಗಾದಿಗೆ ಮುಂಚೆ ಒಂದು ಸಲ ಏಣಿ ಹತ್ತಿ ಸ್ಕ್ರೂ ನೋಡಿ. ಒಡೆದ ವಾಷರ್ ಬದಲಿಸಿ, ಸಡಿಲವಾದದ್ದಕ್ಕೆ ಒಂದು ಸೈಜು ದಪ್ಪದ್ದು ಹಾಕಿ. ತಗಡಿನ ಮೇಲೆ ನಡೆಯುವಾಗ ಕಾಲು ಅಡ್ಡಪಟ್ಟಿ ಇರುವಲ್ಲೇ ಇಡಬೇಕು. ಸೂರಿಗೆ ದೋಣಿ ಕಟ್ಟಿದರೆ ಇನ್ನೊಂದು ಲಾಭ: 30 ಅಡಿ, 20 ಅಡಿ ಚಾವಣಿಗೆ 10 ಮಿ.ಮೀ. ಮಳೆ ಬಿದ್ದರೆ 550 ಲೀಟರ್ ನೀರು. ಪಾವಗಡದ ಕಡೆ ಕೊಳವೆಬಾವಿಯ ಫ್ಲೋರೈಡ್ ಕುಡಿದು ಹಲ್ಲು ಮೂಳೆ ಕೆಡಿಸಿಕೊಂಡವರಿಗೆ ಈ ನೀರಿನ ಬೆಲೆ ಗೊತ್ತು. ಮೊದಲ ಎರಡು ಮಳೆಯ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಬಟ್ಟೆ ಕಟ್ಟಿದ ತೊಟ್ಟಿಗೆ ತಿರುಗಿಸಿಕೊಳ್ಳಬಹುದು.