ಭೂಮಿಯ ಸೆಳೆತವೂ ನಮ್ಮ ಮನೆಯ ಮಾಳಿಗೆಯೂ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಪಾಠರೂಪದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ನಾನು ಅನೇಕ ವರ್ಷ ಕಲಿಸಿಯೂ ಪೂರ್ತಿಯಾಗಿ ಕಲಿಸದೆ ಬಿಟ್ಟ ಪಾಠವೊಂದು ನೆನಪಿಗೆ ಬಂದಿತು. ಅದು ಗುರುತ್ವಾಕರ್ಷಣೆಯ ಪಾಠ.

ಪುಸ್ತಕದಲ್ಲಿದ್ದಂತೆ ನಾನು ನ್ಯೂಟನ್ನನ ಸೇಬಿನಿಂದಲೇ ಆರಂಭಿಸುತ್ತಿದ್ದೆನು. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಗುರುಗಳ, ನಮ್ಮೂರಾಗ ಸೇಬಿನ ಗಿಡಾನೇ ಇಲ್ಲಲ್ರಿ. ಬೇವಿನಕಾಯಿ ಬಿದ್ರ ನಡೀತಿದ್ದಿಲ್ಲೇನ್ರಿ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಆದರೆ ಹುಡುಗನು ಕೇಳಿದ್ದು ಸರಿಯಾಗಿಯೇ ಇತ್ತು. ಬೇವಿನಕಾಯಿಯಾದರೂ ನಡೆಯುತ್ತಿತ್ತು.

ವಸ್ತುಗಳು ಕೆಳಗೆ ಬೀಳುವುದೇಕೆಂಬ ಚಿಂತನೆ ನಮ್ಮ ದೇಶದಲ್ಲಿಯೂ ಹಳೆಯದು. 1150ರಲ್ಲಿ ರಚಿತವಾದ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯರು ಭೂಮಿಗೆ ಆಕರ್ಷಣಶಕ್ತಿಯುಂಟೆಂದೂ, ಆಕಾಶದಲ್ಲಿರುವ ಭಾರವಾದ ವಸ್ತುವನ್ನು ಅದು ತನ್ನೆಡೆಗೆ ಎಳೆದುಕೊಳ್ಳುವುದೆಂದೂ ಹೇಳಿದ್ದಾರೆ. ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ಗ್ರಂಥದ ಹಿರಿಮೆಯೆಂದರೆ ಆ ಸೆಳೆತಕ್ಕೆ ಲೆಕ್ಕವನ್ನು ಕೊಟ್ಟುದು. ಪ್ರತಿಯೊಂದು ವಸ್ತುವೂ ಮತ್ತೊಂದನ್ನು ಸೆಳೆಯುತ್ತದೆ. ದ್ರವ್ಯ ಹೆಚ್ಚಿದಷ್ಟೂ ಸೆಳೆತ ಹೆಚ್ಚು. ನಡುವಿನ ಅಂತರ ಎರಡು ಪಟ್ಟಾದರೆ ಸೆಳೆತ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಚಂದ್ರನು ಭೂಮಿಯನ್ನು ಸುತ್ತುವುದಕ್ಕೂ ಬೇವಿನಕಾಯಿ ಅಂಗಳಕ್ಕೆ ಬೀಳುವುದಕ್ಕೂ ನಿಯಮ ಒಂದೇ.

ಭಾರವಾದುದು ಬೇಗ ಬೀಳುತ್ತದೆ, ಹಗುರಾದುದು ತಡವಾಗಿ ಬೀಳುತ್ತದೆ ಎಂದು ಬಹುಜನರ ನಂಬಿಕೆ. ನಮ್ಮ ಕಣದಲ್ಲಿ ಜೋಳ ತೂರುವುದನ್ನು ಕಂಡವರಿಗೆ ಹಾಗೆ ತೋರುವುದು ಸಹಜ. ಕಾಳು ನೇರವಾಗಿ ರಾಶಿಗೆ ಬೀಳುತ್ತದೆ, ಹೊಟ್ಟು ದೂರ ಹಾರಿಹೋಗುತ್ತದೆ. ಆದರೆ ಭೂಮಿಯು ಹೊಟ್ಟಿಗೆ ಪಕ್ಷಪಾತ ಮಾಡಿಲ್ಲ. ಅದನ್ನು ತಡೆದದ್ದೂ ಒಯ್ದದ್ದೂ ಗಾಳಿ. ಗಾಳಿಯೇ ಇಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೋಲೋ 15ರ ಯಾತ್ರಿ ಡೇವಿಡ್ ಸ್ಕಾಟ್ ಅವರು ಒಂದು ಸುತ್ತಿಗೆಯನ್ನೂ ಒಂದು ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು.

ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ 9.8 ಮೀಟರಿನಂತೆ ಹೆಚ್ಚುತ್ತ ಹೋಗುತ್ತದೆ. 3 ಮೀಟರ್ ಎತ್ತರದ ಮಾಳಿಗೆಯಿಂದ ಕಳಚಿದ ಕಲ್ಲು ಮುಕ್ಕಾಲು ಸೆಕೆಂಡಿನ ಆಸುಪಾಸಿನಲ್ಲಿ ನೆಲಕ್ಕೆ ಬರುತ್ತದೆ; ಆಗ ಅದರ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಮಲಗಿದ್ದವನು ಕಣ್ಣು ತೆರೆಯುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಈ ಲೆಕ್ಕವನ್ನು ನಾನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬಿಡಿಸಿದ್ದೇನೆಂಬುದಕ್ಕೆ ಎಣಿಕೆಯಿಲ್ಲ. ಒಮ್ಮೆಯೂ ತಲೆಯೆತ್ತಿ ಮಾಳಿಗೆಯನ್ನು ನೋಡಿ ಬಿಡಿಸಲಿಲ್ಲ.

ಇನ್ನು ವಸ್ತುಗಳು ಬೀಳದೆ ನಿಲ್ಲುವುದು ಹೇಗೆ? ಪ್ರತಿ ವಸ್ತುವಿಗೂ ಒಂದು ಗುರುತ್ವಕೇಂದ್ರವುಂಟು. ಅದರಿಂದ ನೇರ ಕೆಳಕ್ಕೆಳೆದ ಗೆರೆಯು ವಸ್ತುವಿನ ಬುಡದೊಳಗೆ ಬೀಳುವವರೆಗೆ ವಸ್ತುವು ನಿಲ್ಲುತ್ತದೆ. ಹೊರಗೆ ಬಿದ್ದೊಡನೆ ಉರುಳುತ್ತದೆ. ಕಣಿಕೆಯನ್ನು ಎತ್ತರವಾಗಿ ಹೇರಿದ ಚಕ್ಕಡಿಯು ಸಮನೆಲದಲ್ಲಿ ನೆಟ್ಟಗೆ ಬಂದು, ಹಳ್ಳದ ಓರೆಯಲ್ಲಿ ಮಗುಚುವುದು ಇದರಿಂದಲೇ. ಗೌಂಡಿಯವನು ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು ಗೋಡೆಯನ್ನು ಪರೀಕ್ಷಿಸುವುದೂ ಇದೇ ಶಾಸ್ತ್ರ. ಗುಂಡು ಯಾವಾಗಲೂ ಭೂಮಿಯ ನಡುವಿನ ಕಡೆಗೇ ಮುಖ ಮಾಡುತ್ತದೆ.

ಈಗ ನಮ್ಮ ಭಾಗದ ಹಳೆಯ ಮನೆಗೆ ಬರೋಣ. ಕಲ್ಲು ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ ತೊಲೆಗಳು, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಇದರಷ್ಟು ತಂಪಾದ ಮನೆ ಬೇರೊಂದಿಲ್ಲ. ಆದರೆ ಮಾಳಿಗೆ ಸೋರಿದಾಗಲೆಲ್ಲ ಹಿರಿಯರು ಹಳೆಯ ಮಣ್ಣನ್ನು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣು ಹಾಕುತ್ತ ಬಂದರು. ಮಣ್ಣು ಅರ್ಧ ಮೀಟರ್ ದಪ್ಪವಾಗಿದೆಯೆಂದಿಟ್ಟುಕೊಳ್ಳಿರಿ. 4 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆಯ ಮೇಲೆ 6 ಘನ ಮೀಟರ್ ಮಣ್ಣಾಯಿತು. ಘನ ಮೀಟರಿಗೆ 1,600 ಕಿಲೋ ಹಿಡಿದರೂ 9,600 ಕಿಲೋ. ಅಂದರೆ ಕ್ವಿಂಟಲಿನ 96 ಚೀಲ ಜೋಳ! ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಅಟ್ಟದ ಮೇಲೆ 96 ಚೀಲ ಒಟ್ಟಿದರೆ ಅದರಡಿಯಲ್ಲಿ ಮಕ್ಕಳನ್ನು ಯಾರೂ ಮಲಗಿಸುವುದಿಲ್ಲ. ಮಣ್ಣಾದುದರಿಂದ ನಾವು ಮಲಗಿಸಿದೆವು.

1993ರ ಸೆಪ್ಟೆಂಬರ್ 30ರಂದು, ಗಣಪತಿಯನ್ನು ಕಳುಹಿಸಿ ಜನರು ಮಲಗಿದ್ದ ರಾತ್ರಿ, ನಸುಕಿನ ನಾಲ್ಕು ಗಂಟೆಯ ಸುಮಾರಿಗೆ ಭೂಮಿ ನಡುಗಿತು. ಅದರ ಪ್ರಮಾಣ 6.2. ಕಿಲ್ಲಾರಿ, ಸಾಸ್ತೂರು ಮೊದಲಾದ ಊರುಗಳು ನೆಲಸಮವಾದವು. ಸುಮಾರು ಎಂಟು ಸಾವಿರ ಜನ ಅಸುನೀಗಿದರು. ನಮ್ಮ ಸೀಮೆಯಲ್ಲಿ ಆ ದಿನವನ್ನು ನೆನೆದು ನಿಟ್ಟುಸಿರಿಡದ ಮನೆಯಿಲ್ಲ.

ನಡುಗಿದ ನೆಲವು ತಾನಾಗಿಯೇ ಅಷ್ಟು ಜನರನ್ನು ಕೊಲ್ಲಲಿಲ್ಲ. ಎಸ್.ಟಿ. ಬಸ್ಸು ಒಮ್ಮೆಲೆ ಹೊರಟಾಗ ನಿಂತ ಪ್ರಯಾಣಿಕರು ಹಿಂದಕ್ಕೆ ವಾಲುವಂತೆ, ಗೋಡೆಯ ಬುಡವು ನೆಲದೊಡನೆ ಸರಿದಾಗ ಮಾಳಿಗೆಯು ಇದ್ದಲ್ಲಿಯೇ ಉಳಿಯಲು ನೋಡುತ್ತದೆ. ಭಾರ ಹೆಚ್ಚಾದಷ್ಟೂ ಈ ಎಳೆದಾಟ ಬಲವಾಗುತ್ತದೆ. ಅಲುಗಾಟದ ಬಿರುಸು 9.8ರ ಐದನೆಯ ಒಂದು ಪಾಲಿದ್ದರೂ ಸಾಕು, 9,600 ಕಿಲೋದ ಮಾಳಿಗೆಯು ಗೋಡೆಯನ್ನು 1,900 ಕಿಲೋ ತೂಕದಷ್ಟು ಬಲದಿಂದ ಅಡ್ಡಕ್ಕೆ ನೂಕುತ್ತದೆ. ನಮ್ಮ ಗೋಡೆಗಳೋ ಒಳಮೈ ಹೊರಮೈ ಎಂದು ಎರಡು ಪದರಗಳು. ನಡುವೆ ಮಣ್ಣು, ಚೂರುಗಲ್ಲು. ಎರಡನ್ನೂ ಕಚ್ಚಿ ಹಿಡಿಯುವ ಉದ್ದಗಲ್ಲುಗಳಿಲ್ಲ. ಪದರಗಳು ಬೇರ್ಪಟ್ಟು ಉಬ್ಬಿದವು, ಗುರುತ್ವದ ಗೆರೆಯು ಬುಡದಿಂದಾಚೆಗೆ ಸರಿಯಿತು. ಮುಂದಿನ ಮುಕ್ಕಾಲು ಸೆಕೆಂಡಿನ ಲೆಕ್ಕವನ್ನು ಮೇಲೆಯೇ ಬರೆದಿದ್ದೇನೆ. ಕಟ್ಟಿಗೆಯ ಚೌಕಟ್ಟು ಗಟ್ಟಿಯಾಗಿದ್ದ ಕೆಲವೆಡೆ ಗೋಡೆ ಬಿದ್ದರೂ ಕಂಬ ತೊಲೆಗಳು ನಿಂತುದುಂಟು.

ಅನಂತರ ನಡೆದ ದುರಸ್ತಿ ಕಾರ್ಯದಲ್ಲಿ ಗೋಡೆಗೆ ಉದ್ದಗಲ್ಲು ಕೂಡಿಸುವುದು, ಸುತ್ತಲೂ ಕಾಂಕ್ರೀಟಿನ ಪಟ್ಟಿ ಕಟ್ಟುವುದು, ಕಂಬ ತೊಲೆ ಕೂಡುವಲ್ಲಿ ಓರೆ ಆಧಾರ ಕೊಡುವುದು, ಮಾಳಿಗೆಯ ಮಣ್ಣನ್ನು ಇಳಿಸುವುದು, ಇವನ್ನೆಲ್ಲ ಕಲಿಸಿದರು. ಅನೇಕರು ಮಾಡಿಸಿಕೊಂಡರು. ಕೆಲವರು ಹೆದರಿ ಕೆಲವು ವರ್ಷ ತಗಡಿನ ಕೆಳಗೆ ಮಲಗಿ, ಬೇಸಿಗೆ ತಾಳಲಾರದೆ ಮತ್ತೆ ಹಳೆಯ ಮನೆಗೇ ಮರಳಿದರು. ನಾನೂ ಅವರಲ್ಲೊಬ್ಬನು.

ಮರಳಿದ ವರ್ಷ ಬೆಳಕಿಂಡಿಯ ಅಂಚಿನಲ್ಲಿ ಕಬ್ಬಿಣದ ಸಲಾಕೆಯನ್ನಿಳಿಸಿ ಮಣ್ಣನ್ನು ಅಳೆದೆನು. ಎರಡು ಗೇಣು ಮೂರು ಬೆರಳು. ಇಬ್ಬರು ಹಳೆಯ ವಿದ್ಯಾರ್ಥಿಗಳು ಬಂದು, ಒಂದೇ ಬದಿಗೆ ಭಾರ ಉಳಿಯದಂತೆ ಎರಡೂ ಕಡೆಯಿಂದ ಸಮನಾಗಿ ಮಣ್ಣು ತೆಗೆದು, ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಗೇಣು ಮಾತ್ರ ಹಾಕಿಕೊಟ್ಟರು. ಅವರಲ್ಲೊಬ್ಬನು ಬೇವಿನಕಾಯಿಯ ಹುಡುಗನೇ. ತೆಗೆದ ಮಣ್ಣು ಹದಿನಾಲ್ಕು ಚಕ್ಕಡಿಯಾಯಿತೆಂದು ಅವನೇ ಎಣಿಸಿ ಹೇಳಿದನು.